ಜಾಹೀರಾತಿಗೆ ಬೇಲಿ ಹಾಕಿದರೆ ಬೆಟ್ಟ ಉಳಿದೀತೇ?

ಅವಲಾಂಚ್ ಕಣಿವೆಯಲ್ಲಿ ಬಿದ್ದ ಮಳೆಯ ನೀರು ಮೊದಲು ಅಣೆಕಟ್ಟನ್ನು ಸೇರುತ್ತದೆ. ಮುಂದೆ ಅದರ ಹಾದಿ ಕುಂದಾ ಹೊಳೆ, ಕುಂದಾದಿಂದ ಭವಾನಿ, ಭವಾನಿಯಿಂದ ಕಾವೇರಿ. 2019ರ ಆಗಸ್ಟ್ ತಿಂಗಳಲ್ಲಿ ಇಲ್ಲಿ ಒಂದೇ ದಿನಕ್ಕೆ 80 ಸೆಂಟಿಮೀಟರಿಗೂ ಮೀರಿ ಮಳೆ ಸುರಿಯಿತು. ಅಂಥ ಮಳೆ ಹೊಲದ ಬದುವನ್ನೂ ಮೇಲ್ಮಣ್ಣನ್ನೂ ಒಯ್ಯುವಂತೆಯೇ ರಸ್ತೆಯ ಬದಿಯಲ್ಲಿ ಬಿಸಾಡಿದ ಬಿಸ್ಕತ್ತಿನ ಹೊದಿಕೆ, ಶಾಂಪೂ ಪೊಟ್ಟಣ, ಔಷಧಿಯ ಡಬ್ಬಿ ಎಲ್ಲವನ್ನೂ ಹೊಳೆಯ ಕಡೆಗೆ ಒಯ್ಯುತ್ತದೆ. ಬೆಟ್ಟದ ಹಟ್ಟಿಯಲ್ಲಿ ಎಸೆದದ್ದು ತಗ್ಗಿನವರ ಕಾಲುವೆಯ ದಾರಿ ಹಿಡಿಯುತ್ತದೆ.

ಈ ಸರಕುಗಳು ನಮ್ಮ ಮನೆಗೆ ಬಂದದ್ದು ಹೇಗೆ? ನಮ್ಮ ಹಿರಿಯರು ಇವನ್ನು ಕೇಳಿ ತರಿಸಿಕೊಂಡವರಲ್ಲ. ಮೊದಲು ಗೋಡೆಯ ಬರಹ, ಆಮೇಲೆ ರೇಡಿಯೋ, ದೂರದರ್ಶನ, ಈಗ ಮೊಬೈಲು ಬಂದು “ನಿಮಗೆ ಇದು ಬೇಕು” ಎಂದವು, ನಾವೂ ಬೇಕೆಂದೆವು. ಆದಕಾರಣ ಜಾಹೀರಾತನ್ನೇ ಕಟ್ಟಿಹಾಕಿದರೆ ಕೊಳ್ಳುಬಾಕತನ ಇಳಿದು ಮಣ್ಣು, ನೀರು, ಕಾಡು ಉಳಿಯುತ್ತವೆ ಎಂದು ಹಲವರು ವಾದಿಸುತ್ತಾರೆ. ಅದರಿಂದ ಏನೂ ಆಗದು, ಕೊಳ್ಳುವವನು ಕೊಂಡೇ ಕೊಳ್ಳುತ್ತಾನೆ ಎನ್ನುವವರೂ ಉಂಟು. ಎರಡರಲ್ಲಿ ಯಾವುದು ನಿಜವೆಂಬುದನ್ನು ನಡೆದ ಸಂಗತಿಗಳನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ. ಇದು ಪೇಟೆಯವರ ಚರ್ಚೆ ಮಾತ್ರವಲ್ಲ. ಬೇಸಾಯಗಾರನ ಹಣದ ಚೀಲಕ್ಕೂ ಹೊಲಕ್ಕೂ ಸೇರಿದ ಮಾತು.

ಜಾಹೀರಾತಿನ ಎರಡು ಕೆಲಸ

ಜಾಹೀರಾತು ಎರಡು ಕೆಲಸ ಮಾಡುತ್ತದೆ. ಒಂದು, ತಿಳಿಸುವುದು. ಬಿತ್ತನೆ ಆಲೂಗಡ್ಡೆ ಇಂಥ ಕಡೆ ಸಿಕ್ಕುತ್ತದೆ, ಬೆಲೆ ಇಷ್ಟು, ತೂಕ ಇಷ್ಟು ಎಂದು ಹೇಳುವುದು ತಿಳಿಸುವ ಕೆಲಸ. ಇದರಿಂದ ಯಾರಿಗೂ ನಷ್ಟವಿಲ್ಲ, ಲಾಭವೇ. ಎರಡನೆಯದು, ಆಸೆ ಹುಟ್ಟಿಸುವುದು. ಇದನ್ನು ಕೊಳ್ಳದಿದ್ದರೆ ನೀವು ಹಿಂದುಳಿದವರು, ನೆರೆಯವನ ಬೆಳೆ ನಿಮ್ಮದಕ್ಕಿಂತ ಮೇಲಾಗುವುದು, ನಿಮ್ಮ ಮಗು ಎತ್ತರ ಬೆಳೆಯಲಾರದು ಎಂದು ಒಳಗೊಳಗೇ ಹೆದರಿಸುವುದು ಈ ಜಾತಿಯದು.

ನಮ್ಮ ಕಸಬಿನಿಂದಲೇ ಒಂದು ಉದಾಹರಣೆ ಕೊಡಬಹುದು. ಮಳೆ ಹೆಚ್ಚಾದ ನೀಲಗಿರಿಯ ಮಣ್ಣು ಬಹುಮಟ್ಟಿಗೆ ಹುಳಿ ಮಣ್ಣು. ಸುಣ್ಣದ ಅಂಶವನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಹುಳಿ ಮಿತಿಮೀರಿದಾಗ ನಾವು ಹಾಕಿದ ರಂಜಕ ಗೊಬ್ಬರ ಬೆಳೆಗೆ ಸರಿಯಾಗಿ ಸಿಕ್ಕದೆ ಮಣ್ಣಿನಲ್ಲೇ ಕಟ್ಟಿಕೊಳ್ಳುತ್ತದೆ. ಅಂಥ ಹೊಲಕ್ಕೆ ಬೇಕಾದದ್ದು ಮಣ್ಣು ಪರೀಕ್ಷೆ ಮಾಡಿಸಿ ಹಾಕುವ ಸುಣ್ಣ, ಅದರ ಜೊತೆಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಸುಣ್ಣದ ಜಾಹೀರಾತನ್ನು ಬಣ್ಣದ ಚಿತ್ರದೊಡನೆ ಯಾರಾದರೂ ನೋಡಿದ್ದೀರಾ? ಕೊಟ್ಟಿಗೆ ಗೊಬ್ಬರಕ್ಕೆ ಹಾಡು ಕಟ್ಟಿದವರುಂಟೇ? ಲಾಭ ಹೆಚ್ಚು ಬರುವ ಸರಕಿಗೆ ಮಾತ್ರ ಹಾಡು, ಚಿತ್ರ, ಟೋಪಿ, ಬನಿಯನ್ನು. ಹೀಗಾಗಿ ಹೊಲಕ್ಕೆ ಬೇಕಾದದ್ದು ಮರೆತುಹೋಗಿ, ಗೋಡೆಯ ಮೇಲೆ ಇರುವುದು ನೆನಪಿನಲ್ಲಿ ನಿಲ್ಲುತ್ತದೆ.

ಬೆಳೆಯ ‘ಟಾನಿಕ್ಕು’ ಎಂದು ಮಾರುವ ಸರಕಿನ ವಿಷಯವೂ ಹಾಗೆಯೇ. ಇಂಥ ಬೆಳವಣಿಗೆ ಉತ್ತೇಜಕಗಳನ್ನು ಕೇಂದ್ರ ಸರ್ಕಾರ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದದ್ದು 2021ರಲ್ಲಿ. ಅದಕ್ಕೆ ಮೊದಲೇ ಅವುಗಳ ಜಾಹೀರಾತು ಊರೂರು ಸುತ್ತಿ ಬಂದಿತ್ತು. ಪರೀಕ್ಷೆ ಹಿಂದೆ, ಪ್ರಚಾರ ಮುಂದೆ.

ಒಂದು ಪೊಟ್ಟಣದ ಕಥೆ

ಜಾಹೀರಾತು ಬಳಕೆಯನ್ನು ಹೆಚ್ಚಿಸುತ್ತದೆಯೇ ಎಂಬ ಸಂಶಯವಿದ್ದವರು ಶಾಂಪೂ ಪೊಟ್ಟಣದ ಚರಿತ್ರೆಯನ್ನು ನೋಡಬೇಕು. ಇದು ನಮ್ಮ ತಮಿಳುನಾಡಿನಲ್ಲೇ ನಡೆದದ್ದು. ಕಡಲೂರಿನ ಚಿನ್ನಿಕೃಷ್ಣನ್ ಎಂಬವರು, ದೊಡ್ಡ ಬಾಟಲಿ ಕೊಳ್ಳಲಾರದ ಬಡವನೂ ಕೊಳ್ಳುವಂತಾಗಲಿ ಎಂದು ಶಾಂಪೂವನ್ನು ಸಣ್ಣ ಪೊಟ್ಟಣದಲ್ಲಿ ತುಂಬಿ ಮಾರುವ ದಾರಿ ತೆರೆದರು. ಅವರ ಮಗ ಸಿ. ಕೆ. ರಂಗನಾಥನ್ 1983ರಲ್ಲಿ ಬೇರೆ ಉದ್ಯಮ ತೆರೆದು ‘ಚಿಕ್’ ಶಾಂಪೂ ತಂದರು. ಹಳ್ಳಿಗಳಿಗೆ ಹೋಗಿ ಹುಡುಗನೊಬ್ಬನ ತಲೆ ತೊಳೆದು ತೋರಿಸಿ, ಕೂದಲನ್ನು ಮುಟ್ಟಿ ನೋಡಿರೆಂದರು. ಸಿನಿಮಾ ಸಂಭಾಷಣೆ ಸೇರಿಸಿ ರೇಡಿಯೋದಲ್ಲಿ ಪ್ರಚಾರ ಮಾಡಿದರು. ಯಾವುದೇ ಶಾಂಪೂವಿನ ಐದು ಖಾಲಿ ಪೊಟ್ಟಣ ತಂದುಕೊಟ್ಟರೆ ಒಂದು ಪೊಟ್ಟಣ ಉಚಿತ ಎಂದರು. ಆಮೇಲೆ ತಮ್ಮದೇ ಪೊಟ್ಟಣ ತಂದವರಿಗೆ ಮಾತ್ರ ಎಂದರು. ಸೀಗೆಕಾಯಿ, ಕಡಲೆಹಿಟ್ಟಿನ ಊರುಗಳಲ್ಲಿ ಶಾಂಪೂ ಬೇರೂರಿತು.

ಇದರಲ್ಲಿ ತಪ್ಪು ಕಾಣುವುದು ನಮ್ಮ ಉದ್ದೇಶವಲ್ಲ. ಕೂಲಿಯವನ ಮನೆಗೂ ಒಂದು ಅನುಕೂಲ ದೊರೆಯಿತೆಂಬುದು ನಿಜ. ಬೆಲೆಯ ಲೆಕ್ಕ ಹಾಕಿದರೆ ಶಾಂಪೂವಿನಲ್ಲಿ ದೊಡ್ಡ ಬಾಟಲಿಗಿಂತ ಸಣ್ಣ ಪೊಟ್ಟಣವೇ ಅಗ್ಗವಾಗಿ ಬೀಳುವುದೂ ಉಂಟು. ಆದರೆ ಆ ಪೊಟ್ಟಣ ಪದರ ಪದರವಾಗಿ ಅಂಟಿಸಿದ ಪ್ಲಾಸ್ಟಿಕ್ಕಿನದು. ಕೆಲವದರಲ್ಲಿ ಅಲ್ಯುಮಿನಿಯಂ ತಗಡೂ ಸೇರಿರುತ್ತದೆ. ಪದರಗಳನ್ನು ಬಿಡಿಸುವುದು ಕಷ್ಟವಾದ್ದರಿಂದ ಹಳೆಯ ಸಾಮಾನು ಕೊಳ್ಳುವವನು ಅದನ್ನು ಮುಟ್ಟುವುದಿಲ್ಲ. ಮಣ್ಣಿನಲ್ಲಿ ಅದು ಕೊಳೆಯುವುದೂ ಇಲ್ಲ. ಒಂದು ಮನೆಯಿಂದ ದಿನಕ್ಕೆ ಎರಡೇ ಹೊದಿಕೆ ಹೊರಬಿದ್ದಿತು ಎಂದುಕೊಳ್ಳೋಣ. ವರ್ಷಕ್ಕೆ 730 ಆಯಿತು. ನೂರು ಮನೆಯ ಹಟ್ಟಿಯಲ್ಲಿ 73,000. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆ ಕಸಕ್ಕೂ ಸಲ್ಲುತ್ತದೆ.

ಕಾನೂನಿನ ಬೇಲಿ ಹೊಸದಲ್ಲ

ಜಾಹೀರಾತಿಗೆ ಮಿತಿ ಹಾಕುವುದು ಹೊಸ ವಿಚಾರವೇನಲ್ಲ. 1954ರಲ್ಲೇ ನಮ್ಮ ಸಂಸತ್ತು, ಕೆಲವು ರೋಗಗಳಿಗೆ ಮಂತ್ರಮಾಯದ ಔಷಧಿ ಇದೆಯೆಂದು ಪ್ರಚಾರ ಮಾಡಬಾರದೆಂದು ಕಾನೂನು ಮಾಡಿತು. 1992ರಲ್ಲಿ ಶಿಶು ಹಾಲುಪುಡಿಯ ಕಾನೂನು ಬಂದಿತು. ತಾಯಿಯ ಹಾಲಿಗೆ ಬದಲಾಗಿ ಮಾರುವ ಪುಡಿಗೆ ಜಾಹೀರಾತು ಕೂಡದು, ಉಚಿತ ಮಾದರಿ ಹಂಚಕೂಡದು, ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕಕೂಡದು ಎಂದು ಅದು ವಿಧಿಸಿತು. ಪುಡಿ ಅಂಗಡಿಯಲ್ಲಿ ಸಿಕ್ಕುತ್ತದೆ. ಬೇಕಾದ ತಾಯಿ ವೈದ್ಯರನ್ನು ಕೇಳಿ ಕೊಳ್ಳುತ್ತಾಳೆ. ಬೇಡದ ತಾಯಿಯ ಮನಸ್ಸಿನಲ್ಲಿ ಆಸೆ ಬಿತ್ತುವುದನ್ನು ಮಾತ್ರ ಕಾನೂನು ತಡೆಯಿತು. ತಿಳಿಸುವುದು ಬೇರೆ, ಆಸೆ ಹುಟ್ಟಿಸುವುದು ಬೇರೆ ಎಂದೆವಲ್ಲ, ಆ ಭೇದವನ್ನು ಈ ಕಾನೂನು ಚೆನ್ನಾಗಿ ಹಿಡಿದಿದೆ.

ಹೊಗೆಸೊಪ್ಪಿನ ಕಾನೂನು 2003ರದು. 2004ರ ಮೇ ತಿಂಗಳಿನಿಂದ ಬೀಡಿ, ಸಿಗರೇಟುಗಳ ಜಾಹೀರಾತು ನಿಂತಿತು. ದೇಶದ ಸಮೀಕ್ಷೆಯಂತೆ 15 ವರ್ಷ ಹಾಗೂ ಅದಕ್ಕೆ ಮೇಲ್ಪಟ್ಟವರಲ್ಲಿ ಹೊಗೆಸೊಪ್ಪು ಬಳಸುವವರು 2009-10ರಲ್ಲಿ ನೂರಕ್ಕೆ 34.6 ಇದ್ದರು, 2016-17ರಲ್ಲಿ 28.6 ಆದರು. ಈ ಇಳಿತವನ್ನೆಲ್ಲ ಜಾಹೀರಾತಿನ ತಡೆಗೇ ಕಟ್ಟುವಂತಿಲ್ಲ. ಪೊಟ್ಟಣದ ಮೇಲೆ ರೋಗದ ಚಿತ್ರ ಬಂದಿತು, ತೆರಿಗೆ ಏರಿತು, ಸಾರ್ವಜನಿಕ ಸ್ಥಳದಲ್ಲಿ ಸೇದಬಾರದೆಂದಾಯಿತು. ಎಲ್ಲವೂ ಸೇರಿ ಕೆಲಸ ಮಾಡಿದವು.

ಪರಿಸರದ ಕಾರಣಕ್ಕಾಗಿಯೇ ಜಾಹೀರಾತು ತಡೆದವರೂ ಈಗ ಇದ್ದಾರೆ. ನೆದರ್ಲೆಂಡ್ಸ್ ದೇಶದ ಹೇಗ್ ನಗರ 2025ರ ಜನವರಿ 1ರಿಂದ ತನ್ನ ಬೀದಿಗಳಲ್ಲಿ ಪೆಟ್ರೋಲು, ವಿಮಾನಯಾನ, ವಿಹಾರದ ಹಡಗುಗಳ ಜಾಹೀರಾತನ್ನು ನಗರದ ಕಾನೂನಿನಿಂದಲೇ ನಿಲ್ಲಿಸಿತು. ಅದರ ಫಲವನ್ನು ಅಳೆಯಲು ಇನ್ನೂ ಕಾಲ ಬೇಕು.

ಕಂಡಿ ಬಿಟ್ಟ ಬೇಲಿ

ಬೇಲಿಯ ಗುಣ ಎಲ್ಲ ರೈತರಿಗೂ ಗೊತ್ತು. ಮೂರು ಕಡೆ ಭದ್ರವಾಗಿ ಕಟ್ಟಿ ನಾಲ್ಕನೆಯ ಕಡೆ ಕಂಡಿ ಬಿಟ್ಟರೆ ಕಾಡುಹಂದಿ ಆ ಕಂಡಿಯನ್ನೇ ಹುಡುಕಿ ಬರುತ್ತದೆ. ಜಾಹೀರಾತೂ ಹಾಗೆಯೇ. ಸ್ಯಾಫರ್ ಮತ್ತು ಚಲೂಪ್ಕ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 22 ದೇಶಗಳ 1970ರಿಂದ 1992ರವರೆಗಿನ ಲೆಕ್ಕ ತೆಗೆದು 2000ದಲ್ಲಿ ಪ್ರಕಟಿಸಿದರು. ಹೊಗೆಸೊಪ್ಪಿನ ಜಾಹೀರಾತನ್ನು ಎಲ್ಲ ದಾರಿಗಳಲ್ಲೂ ತಡೆದ ದೇಶಗಳಲ್ಲಿ ಬಳಕೆ ಇಳಿದಿತ್ತು. ಅಲ್ಲಿ ಇಲ್ಲಿ ಮಾತ್ರ ತಡೆದ ದೇಶಗಳಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಒಂದು ದಾರಿ ಮುಚ್ಚಿದರೆ ಕಂಪನಿಯ ಹಣ ಇನ್ನೊಂದು ದಾರಿಗೆ ಹರಿಯುತ್ತದೆ.

ಗಡಿಯಲ್ಲಿರುವ ನಮಗೆ ಕೆನಡಾದ ಕ್ವಿಬೆಕ್ ಪ್ರಾಂತದ ಸಂಗತಿ ಬಹಳ ಹತ್ತಿರದ್ದು. ಅಲ್ಲಿ 1980ರಿಂದ 13 ವರ್ಷಕ್ಕಿಂತ ಕೆಳಗಿನ ಮಕ್ಕಳನ್ನು ಗುರಿಯಾಗಿಟ್ಟ ಜಾಹೀರಾತು ಕಾನೂನಿಗೆ ವಿರುದ್ಧ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹೋಟೆಲಿನ ಸಿದ್ಧತಿಂಡಿ ಕೊಳ್ಳುವ ಸಂಭವ ಅಲ್ಲಿನ ಫ್ರೆಂಚ್ ಮಾತನಾಡುವ ಮನೆಗಳಲ್ಲಿ ವಾರಕ್ಕೆ ನೂರಕ್ಕೆ 13ರಷ್ಟು ಇಳಿದಿತ್ತು. ಆದರೆ ಅದೇ ಪ್ರಾಂತದ ಇಂಗ್ಲಿಷ್ ಮನೆಗಳಿಗೆ ಗಡಿಯಾಚೆಯ ಅಮೆರಿಕದ ಕಾರ್ಯಕ್ರಮಗಳು, ಅವುಗಳೊಡನೆ ಜಾಹೀರಾತುಗಳೂ ಬರುತ್ತಲೇ ಇದ್ದವು. ಅವರಿಗೆ ಈ ಕಾನೂನಿನ ಕಾವಲು ಅಷ್ಟಾಗಿ ದೊರೆಯಲಿಲ್ಲ. ನಮ್ಮ ಮನೆಗಳಿಗೆ ಮೂರು ರಾಜ್ಯಗಳ ಕಾರ್ಯಕ್ರಮ ಬರುತ್ತವೆ. ಮೊಬೈಲಿಗಂತೂ ಗಡಿಯೇ ಇಲ್ಲ. ಒಂದು ಊರು, ಒಂದು ಜಿಲ್ಲೆ ಜಾಹೀರಾತು ತಡೆದರೆ ಸಾಲದೆಂಬುದು ಇದರಿಂದ ಸ್ಪಷ್ಟ.

ಮದ್ಯದ ವಿಷಯವನ್ನೂ ನೋಡಿ. ಮದ್ಯದ ಜಾಹೀರಾತು ದೂರದರ್ಶನ ವಾಹಿನಿಗಳಲ್ಲಿ ಕೂಡದೆಂದು 2000ದಲ್ಲೇ ನಿಯಮವಾಯಿತು. ಅದೇ ಹೆಸರಿನಲ್ಲಿ ಸೋಡಾ, ಕುಡಿಯುವ ನೀರು, ಸಂಗೀತದ ತಟ್ಟೆ ಎಂದು ಜಾಹೀರಾತು ವೇಷ ಬದಲಿಸಿ ಬಂದಿತು. 2022ರಲ್ಲಿ ಕೇಂದ್ರ ಸರ್ಕಾರ ಈ ವೇಷವನ್ನೂ ನಿಷೇಧಿಸಿ ಮಾರ್ಗಸೂಚಿ ಹೊರಡಿಸಬೇಕಾಯಿತು. ಅತ್ತ ತಮಿಳುನಾಡಿನಲ್ಲಿ 2003ರಿಂದ ಚಿಲ್ಲರೆ ಮದ್ಯ ಮಾರುತ್ತಿರುವುದು ಸರ್ಕಾರದ್ದೇ ಆದ ಟಾಸ್ಮಾಕ್. ಅದರ ಅಂಗಡಿಯ ಮುಂದಿನ ಸಾಲಿಗೆ ಜಾಹೀರಾತು ಬೇಕೇ? ಚಟವಾಗಿ ಬೇರೂರಿದ ಸರಕು ಜಾಹೀರಾತಿಲ್ಲದೆಯೂ ಮಾರಾಟವಾಗುತ್ತದೆ.

ಹಾನಿಯೆಲ್ಲವೂ ಜಾಹೀರಾತಿನ ದಾರಿಯಲ್ಲೇ ಬರುವುದಿಲ್ಲವೆಂಬುದಕ್ಕೆ ಕಾಸರಗೋಡು ಸಾಕ್ಷಿ. ಅಲ್ಲಿನ ಗೇರು ತೋಪುಗಳ ಮೇಲೆ 2000ದವರೆಗೂ ಎಂಡೋಸಲ್ಫಾನ್ ಸುರಿದದ್ದು ಯಾವ ರೈತನೂ ಚಿತ್ರ ನೋಡಿ ಮರುಳಾಗಿ ಅಲ್ಲ. ಅದು ತೋಟದ ನಿಗಮದ ತೀರ್ಮಾನ, ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಎಣ್ಮಕಜೆ ಮೊದಲಾದ ಊರುಗಳ ನಮ್ಮ ಕನ್ನಡ, ತುಳು ಬಂಧುಗಳು ಅದರ ನೋವನ್ನು ಉಂಡರು. ದೇಶದಲ್ಲೆಲ್ಲ ಅದನ್ನು ನಿಲ್ಲಿಸಿದ್ದು 2011ರ ಸುಪ್ರೀಂ ಕೋರ್ಟಿನ ಆಜ್ಞೆ. ಅಲ್ಲಿ ತಡೆಯಬೇಕಾಗಿದ್ದದ್ದು ಸರಕನ್ನೇ.

ನೀಲಗಿರಿ ಕಲಿಸಿದ ಪಾಠ

ಹಾಗಾದರೆ ಬೆಟ್ಟದಲ್ಲಿ ಫಲ ಕೊಟ್ಟದ್ದು ಯಾವುದು? ಈ ಶತಮಾನದ ಆರಂಭದಲ್ಲೇ, ಸುಪ್ರಿಯಾ ಸಾಹು ಅವರು ಜಿಲ್ಲಾಧಿಕಾರಿಗಳಾಗಿದ್ದಾಗ, ನೀಲಗಿರಿ ಜಿಲ್ಲೆ ಪ್ಲಾಸ್ಟಿಕ್ ಚೀಲವನ್ನು ನಿಷೇಧಿಸಿತು. ತಮಿಳುನಾಡಿನಲ್ಲೆಲ್ಲ ಅಂಥ ನಿಷೇಧ ಜಾರಿಗೆ ಬಂದದ್ದು 2019ರ ಜನವರಿ 1ರಂದು. ನಮ್ಮ ಜಿಲ್ಲೆ ಬಹಳ ಮುಂದಿತ್ತು. 2019ರಲ್ಲೇ ಜಿಲ್ಲೆಯಲ್ಲಿ ಸಣ್ಣ ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ತಡೆದರು. ಬರಿಯ ತಡೆಯಲ್ಲ, ಹೆದ್ದಾರಿಗಳಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಯಂತ್ರಗಳನ್ನೂ ನಿಲ್ಲಿಸಿದರು.

2022ರ ಮೇ ತಿಂಗಳಲ್ಲಿ, ಮದ್ರಾಸ್ ಹೈಕೋರ್ಟಿನ ಒತ್ತಾಯದ ಮೇಲೆ, ಟಾಸ್ಮಾಕ್ ಅಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚಾಗಿ ತೆಗೆದುಕೊಂಡು, ಖಾಲಿ ಬಾಟಲಿ ಹಿಂದಕ್ಕೆ ಕೊಟ್ಟಾಗ ಆ ಹಣ ಮರಳಿಸುವ ಪದ್ಧತಿಯನ್ನು ಮೊದಲು ನೀಲಗಿರಿಯಲ್ಲೇ ಆರಂಭಿಸಿದರು. ಕಾಡಿನಲ್ಲಿ ಒಡೆದು ಎಸೆದ ಗಾಜು ಆನೆಯ ಕಾಲಿಗೂ ದನದ ಕಾಲಿಗೂ ಚುಚ್ಚುತ್ತಿತ್ತೆಂಬುದು ಇದರ ಹಿಂದಿನ ಕಳವಳ. ಉಪದೇಶದಿಂದ ಆಗದ ಕೆಲಸಕ್ಕೆ ಹತ್ತು ರೂಪಾಯಿಯ ಆಸೆಯನ್ನು ಹಚ್ಚಿದರು. ಎಸೆದ ಬಾಟಲಿಗೂ ಬೆಲೆ ಬಂದಾಗ ಅದನ್ನು ಹೆಕ್ಕುವ ಕೈಗಳೂ ಬಂದವು.

ಇವುಗಳಲ್ಲಿ ಒಂದು ಕ್ರಮ ಕಾಣುತ್ತದೆ. ಹಾನಿ ಮಾಡುವ ಸರಕನ್ನು ತಡೆಯಬೇಕು ಅಥವಾ ಹಿಂದಿರುಗುವಂತೆ ಮಾಡಬೇಕು. ಅದರ ಬದಲಿಗೆ ಇನ್ನೊಂದನ್ನು ಕೈಗೆ ಸಿಗುವಂತೆ ಇಡಬೇಕು. ನೀರಿನ ಯಂತ್ರ ಕೆಟ್ಟು ನಿಂತರೆ ಬಾಟಲಿ ಕದ್ದು ಬರುತ್ತದೆ. ಬಟ್ಟೆ ಚೀಲ ಅಂಗಡಿಯಲ್ಲಿ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲ ಮರೆಯಿಂದ ಹೊರಬರುತ್ತದೆ. ಜಾಹೀರಾತಿನ ತಡೆ ಈ ಎರಡು ಕೆಲಸಗಳಿಗೆ ಸಹಾಯಕ. ಅವುಗಳ ಬದಲಿಗೆ ನಿಲ್ಲಲಾರದು. ಬೇಲಿ ಬೆಳೆಯನ್ನು ಕಾಯುತ್ತದೆ, ಬೆಳೆಯನ್ನು ಬೆಳೆಸುವುದಿಲ್ಲ. ಹಾಗೆಂದು ಬೇಲಿಯಿಲ್ಲದೆ ಬೆಳೆದ ಬೆಳೆ ಉಳಿಯುವುದೂ ಇಲ್ಲ.

ಜಾಹೀರಾತೇ ಕಸವಾದಾಗ

ಇನ್ನೊಂದು ಮಾತುಂಟು. ಕೆಲವೆಡೆ ಜಾಹೀರಾತೇ ಕಸ. ಈಗಿನ ಫ್ಲೆಕ್ಸ್ ಎಂಬುದು ಬಟ್ಟೆಯಲ್ಲ, ಪ್ಲಾಸ್ಟಿಕ್ ಲೇಪಿಸಿದ ಹಾಳೆ. 2018ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟು ಗದರಿಸಿದ ಮೇಲೆ ಬೆಂಗಳೂರು ಮಹಾನಗರ ಪಾಲಿಕೆ ಕೆಲವೇ ದಿನಗಳಲ್ಲಿ ಸಾವಿರಾರು ಫ್ಲೆಕ್ಸ್‌ಗಳನ್ನು ಕಿತ್ತುಹಾಕಿತು. ಬ್ರೆಜಿಲ್ ದೇಶದ ಸಾವೊ ಪಾಲೊ ನಗರ 2007ರಿಂದ ಬೀದಿಯ ಜಾಹೀರಾತು ಫಲಕಗಳನ್ನೆಲ್ಲ ತೆಗೆಸಿತು. ಸುಮಾರು 15,000 ಫಲಕಗಳು ಇಳಿದವು. ಇವುಗಳಿಂದ ಬೀದಿಯ ನೋಟ ತಿಳಿಯಾಯಿತು, ಕಸ ಕಡಿಮೆಯಾಯಿತು. ಇಷ್ಟರಿಂದಲೇ ಜನರ ಕೊಳ್ಳುವ ಚಟ ಬಿಟ್ಟಿತೆಂದು ಹೇಳಲಾಗದು. ಆದರೂ ಸಿಕ್ಕಿದಷ್ಟು ಲಾಭವೇ.

ಎದುರು ವಾದಕ್ಕೂ ಬೆಲೆ ಕೊಡಬೇಕು. 1995ರಲ್ಲಿ ಸುಪ್ರೀಂ ಕೋರ್ಟು, ವ್ಯಾಪಾರದ ಜಾಹೀರಾತಿಗೂ ಸಂವಿಧಾನದ ಮಾತಿನ ಸ್ವಾತಂತ್ರ್ಯ ಸಲ್ಲುತ್ತದೆ ಎಂದಿತು. ಸಣ್ಣ ಪತ್ರಿಕೆಗಳು ಜಾಹೀರಾತಿನ ಹಣವಿಲ್ಲದೆ ನಡೆಯುವುದು ಕಷ್ಟ. ಜೇನು, ಬೆಳ್ಳುಳ್ಳಿ, ಚಹಾ ಬೆಳೆದು ತಾನೇ ಮಾರುವ ರೈತನಿಗೂ ತನ್ನ ಸರಕಿನ ಸುದ್ದಿ ಹೇಳಿಕೊಳ್ಳಬೇಕಾಗಿದೆ. ಆದ್ದರಿಂದ ಎಲ್ಲ ಜಾಹೀರಾತನ್ನೂ ಬಾಯಿ ಮುಚ್ಚಿಸಬೇಕೆಂಬುದು ನಮ್ಮ ಮಾತಲ್ಲ. ಮಕ್ಕಳ ಕಡೆಗೆ ಗುರಿಯಿಟ್ಟದ್ದು, ವಿಷದ ಸರಕನ್ನು ನಿರಪಾಯವೆಂದು ಹೊಗಳುವುದು, ಒಮ್ಮೆ ಬಳಸಿ ಎಸೆಯುವುದನ್ನೇ ಬದುಕಿನ ಅಂದವೆಂದು ತೋರಿಸುವುದು, ಈ ಮೂರಕ್ಕೆ ಬೇಲಿ ಬೇಕು. ಅದು ದೇಶದ ಮಟ್ಟದಲ್ಲಿ, ಮೊಬೈಲನ್ನೂ ಸೇರಿಸಿ, ಕಂಡಿಯಿಲ್ಲದೆ ಆಗಬೇಕು.

ನಮ್ಮ ಕೈಯಲ್ಲಿ ಇರುವುದು

ದೇಶದ ಕಾನೂನು ಬರುವವರೆಗೆ ಹಟ್ಟಿಯವರು ಸುಮ್ಮನೆ ಕೂಡಬೇಕಾಗಿಲ್ಲ.

1. ಗೋಡೆ ನಮ್ಮದು. ಮನೆಯೊಡೆಯನ ಒಪ್ಪಿಗೆಯಿಲ್ಲದೆ ಬಣ್ಣ ಬಳಿಯಲು ಯಾರಿಗೂ ಹಕ್ಕಿಲ್ಲ. ಒಂದು ಡಬ್ಬ ಸುಣ್ಣದ ಆಸೆಗೆ ಗೋಡೆ ಕೊಡುವ ಬದಲು ಅದರ ಮೇಲೆ ಮಳೆಯ ಲೆಕ್ಕ, ಮಾರುಕಟ್ಟೆಯ ದರ ಬರೆಯಬಹುದು.

2. ಶಾಲೆಯ ಗೇಟಿನಿಂದ ಒಳಗೆ ಕಂಪನಿಯ ಟೋಪಿ, ಬಹುಮಾನ, ಉಚಿತ ಮಾದರಿ ಬೇಡ. ಶಾಲೆಯಲ್ಲಿ ನಾವು ಲೆಕ್ಕದ ಪಾಠಕ್ಕೆ ಖಾಲಿ ಪೊಟ್ಟಣಗಳನ್ನು ತಂದು, ನೂರು ಗ್ರಾಮಿಗೆ ಬೆಲೆ ಎಷ್ಟು ಬಿತ್ತೆಂದು ಮಕ್ಕಳಿಂದ ಲೆಕ್ಕ ಮಾಡಿಸುತ್ತೇವೆ. ಜಾಹೀರಾತಿನ ಹಾಡು ಬಾಯಿಪಾಠವಾಗಿದ್ದ ಮಕ್ಕಳು ಈಗ ತೂಕದ ಅಂಕಿಯನ್ನು ಹುಡುಕುತ್ತಾರೆ. ದಿನಕ್ಕೆ ಐದು ರೂಪಾಯಿಯ ತಿಂಡಿ ವರ್ಷಕ್ಕೆ 1,825 ರೂಪಾಯಿ ಎಂಬುದನ್ನು ಮಗುವೇ ಕಂಡುಕೊಂಡರೆ ಮನೆಯಲ್ಲಿ ಹೇಳಿಯೇ ಹೇಳುತ್ತದೆ.

3. ಹೆತ್ತೆಯಮ್ಮನ ಹಬ್ಬಕ್ಕಾಗಲಿ, ಊರ ಜಾತ್ರೆಗಾಗಲಿ ಫ್ಲೆಕ್ಸ್ ಬೇಡವೆಂದು ಊರಿನವರು ಕೂಡಿ ತೀರ್ಮಾನಿಸಬಹುದು. ಬಟ್ಟೆಯ ಮೇಲೆ ಬರೆಯಿಸಿದರೆ ಬರೆಯುವವನಿಗೆ ಕೂಲಿ, ಮರುವರ್ಷಕ್ಕೆ ಬಟ್ಟೆ.

4. ಔಷಧಿ ಕೊಳ್ಳುವಾಗ ಚಿತ್ರ ನೋಡಬೇಡಿ, ಚೀಟಿಯ ಮೇಲಿನ ಬಣ್ಣದ ಗುರುತು ನೋಡಿ. ಕೆಂಪು ಅತಿಘೋರ ವಿಷ, ಹಳದಿ ಅದಕ್ಕೆ ಕೆಳಗಿನದು, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರೆಂದರೂ ವಿಷವೇ. ಖಾಲಿ ಡಬ್ಬಿಯನ್ನು ಹೊಳೆಯಲ್ಲಿ ತೊಳೆಯಕೂಡದು.

5. ಹೊಸ ಗೊಬ್ಬರ, ಟಾನಿಕ್ಕಿನ ಪ್ರಚಾರ ಕೇಳಿದಾಗ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಉದಕಮಂಡಲದ ತೋಟಗಾರಿಕೆ ಸಂಶೋಧನಾ ಕೇಂದ್ರವನ್ನೋ ಕೂನೂರಿನ ಉಪಾಸಿಯವರ ಕೃಷಿ ವಿಜ್ಞಾನ ಕೇಂದ್ರವನ್ನೋ ಕೇಳಿ. ಸುಣ್ಣವನ್ನೂ ಅವರು ಹೇಳಿದಷ್ಟೇ ಹಾಕಬೇಕು. ಹೆಚ್ಚಾದರೆ ಆಲೂಗಡ್ಡೆಗೆ ಕಜ್ಜಿ ಹತ್ತುವುದುಂಟು. ಆಮೇಲೂ ಕೊಳ್ಳಬೇಕೆನಿಸಿದರೆ ಒಂದು ಪಾತಿಗೆ ಹಾಕಿ, ಪಕ್ಕದ ಪಾತಿಗೆ ಹಾಕದೆ, ಎರಡರ ಇಳುವರಿಯನ್ನೂ ತೂಗಿ ನೋಡಿ.

6. ಎಣ್ಣೆ, ಸಾಬೂನು ಪುಡಿ, ಬೇಳೆಗಳನ್ನು ಸ್ವಸಹಾಯ ಸಂಘದವರು ಒಟ್ಟಾಗಿ ತರಿಸಿ, ಮನೆಯಿಂದ ಡಬ್ಬ ತಂದವರಿಗೆ ಅಳೆದು ಕೊಟ್ಟರೆ ನೂರಾರು ಹೊದಿಕೆ ಉಳಿಯುತ್ತವೆ. ಸಣ್ಣ ಪೊಟ್ಟಣವನ್ನು ಗೆಲ್ಲುವ ದಾರಿ ಇದೇ. ಯಾಕೆಂದರೆ ಬಡವನಿಗೆ ಬೇಕಾದದ್ದು ಸಣ್ಣ ಅಳತೆಯೇ ಹೊರತು ಪ್ಲಾಸ್ಟಿಕ್ಕಲ್ಲ.

ಜಾಹೀರಾತನ್ನು ತಡೆದರೆ ಬೆಟ್ಟ ಉಳಿದೀತೇ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ಅದೊಂದರಿಂದಲೇ ಉಳಿಯದು, ಅದಿಲ್ಲದೆ ಉಳಿಸುವುದು ಇನ್ನೂ ಕಷ್ಟ. ಒಂದು ಕಡೆ ತಡೆ, ಇನ್ನೊಂದು ಕಡೆ ಬದಲಿ ಸರಕು, ನಡುವೆ ಕೊಳ್ಳುವವನ ಲೆಕ್ಕದ ಪುಸ್ತಕ, ಈ ಮೂರೂ ಕೂಡಬೇಕು. ಮೊದಲ ಎರಡಕ್ಕೆ ಸರ್ಕಾರವನ್ನು ಕೇಳೋಣ. ಮೂರನೆಯದಕ್ಕೆ ಯಾರ ಅಪ್ಪಣೆಯೂ ಬೇಡ. ಮುಂದಿನ ಸಂತೆಗೆ ಹೋಗುವ ಮುನ್ನ ಬೇಕಾದ ಸಾಮಾನಿನ ಪಟ್ಟಿಯನ್ನು ಮನೆಯಲ್ಲೇ ಬರೆದುಕೊಂಡು, ಬಟ್ಟೆ ಚೀಲ ಹಿಡಿದು ಹೊರಡಿ. ಪಟ್ಟಿಯಲ್ಲಿಲ್ಲದ್ದು ಏನೆಲ್ಲ ಚೀಲಕ್ಕೆ ಬಂದಿತೆಂದು ಮರಳಿ ಬಂದ ಮೇಲೆ ಮನೆಮಂದಿಯೆಲ್ಲ ಕೂತು ನೋಡಿ.